ಶಿಕ್ಷೆ ಯಾರಿಗೆ ಆಯಿತು?

ಪ್ರಿಯ ಓದುಗರೇ,

ಹ್ಯೂಸ್ಟನ್ ನಗರದಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಅಚ್ಚಾಗುವುದು ಬೇಡವೆಂದಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಕ್ರೀಡೆಯ ಮೋಸಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ, ನಿಮ್ಮೂರಿನ ಬೇಸ್‌ಬಾಲ್ ತಂಡ ಹ್ಯೂಸ್ಟನ್ ಆಸ್ಟ್ರೋಸ್‌ನ ಆಟಗಾರರನ್ನು ‘ಶಿಕ್ಷೆಯಿಂದ ಪಾರಾದವರು’ ಎಂದು ಕರೆದಿದ್ದೆವು. ಅದು ನಿಮ್ಮನ್ನು ನೋಯಿಸಿದೆ. ತಂಡ ದಂಡ ಕಟ್ಟಿತು, ಇಬ್ಬರು ಮುಖ್ಯಸ್ಥರು ಕೆಲಸ ಕಳೆದುಕೊಂಡರು, ಇನ್ನೇನು ಬೇಕು ಎಂದು ಕೇಳಿದ್ದೀರಿ. ಎದುರಾಳಿಯ ಸನ್ನೆ ಕದಿಯುವುದು ಆ ಆಟದಷ್ಟೇ ಹಳೆಯದು ಎಂದಿದ್ದೀರಿ. ಕೊನೆಯಲ್ಲಿ, ಬೇರೊಂದು ಊರಿನ ಕ್ರೀಡಾಂಗಣದಲ್ಲಿ ಆಸ್ಟ್ರೋಸ್ ಆಟಗಾರ ಹೋಸೆ ಆಲ್ಟುವೆಯ ಹೆಸರಿನ ಅಂಗಿ ತೊಟ್ಟಿದ್ದ ನಿಮ್ಮ ಹತ್ತು ವರ್ಷದ ಮಗನನ್ನು ಹಿಂದಿನ ಸಾಲಿನ ವಯಸ್ಕರು ‘ಮೋಸಗಾರ’ ಎಂದು ಕೂಗಿದ್ದನ್ನು ಬರೆದು, ಇದಕ್ಕೇನು ಸಮರ್ಥನೆ ಎಂದು ಕೇಳಿದ್ದೀರಿ.

ಕೊನೆಯದಕ್ಕೆ ಸಮರ್ಥನೆ ಇಲ್ಲ. 2017ರಲ್ಲಿ ನಡೆದದ್ದಕ್ಕೂ ಆ ಮಗುವಿಗೂ ಏನೂ ಸಂಬಂಧವಿಲ್ಲ. ಹಾಗೆ ಕೂಗಿದವರು ತಮ್ಮ ತಂಡಕ್ಕೂ ಮರ್ಯಾದೆ ತರಲಿಲ್ಲ. ಆದರೆ ಉಳಿದ ಮಾತುಗಳಲ್ಲಿ ನಾನು ನಿಮ್ಮ ಪಕ್ಷ ಸೇರಲಾರೆ. ಅಭಿಮಾನಿಗಳ ಸಿಟ್ಟಿಗೆ ಗಟ್ಟಿಯಾದ ಕಾರಣವಿದೆ. ಆ ಕಾರಣ ಕಳ್ಳತನದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಶಿಕ್ಷೆಯಲ್ಲಿದೆ.

ಬೇಸ್‌ಬಾಲ್ ನೋಡಿ ರೂಢಿಯಿಲ್ಲದ ನಮ್ಮ ಓದುಗರಿಗೆ ಒಂದಿಷ್ಟು ವಿವರಣೆ ಬೇಕು. ಆಗೆಲ್ಲ ದಾಂಡಿಗನ ಹಿಂದೆ ಕುಕ್ಕರಗಾಲಿನಲ್ಲಿ ಕೂತ ಕ್ಯಾಚರ್, ಮುಂದಿನ ಎಸೆತ ಯಾವುದೆಂದು ಬೆರಳಿನ ಸನ್ನೆಯಿಂದ ಚೆಂಡು ಎಸೆಯುವ ಪಿಚರ್‌ಗೆ ತಿಳಿಸುತ್ತಿದ್ದ. ವೇಗದ ಎಸೆತ ದಾಂಡಿಗನನ್ನು ಮುಟ್ಟಲು ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲಿ ಅದು ವೇಗದ್ದೋ, ತಿರುಗುವುದೋ ಎಂದು ಊಹಿಸಿ ದಾಂಡು ಬೀಸಬೇಕು. ಬುಮ್ರಾ ನಿಧಾನಗತಿಯ ಎಸೆತ ಹಾಕುತ್ತಾರೆಂದು ಅವರು ಓಡಿ ಬರುವ ಮೊದಲೇ ದಾಂಡಿಗನಿಗೆ ಯಾರಾದರೂ ಹೇಳಿಬಿಟ್ಟರೆ ಆಟ ಏನಾದೀತೆಂದು ನಮ್ಮವರು ಊಹಿಸಬಲ್ಲರು. ಎರಡನೆಯ ಬೇಸ್‌ನಲ್ಲಿ ನಿಂತ ಓಟಗಾರ ಆ ಬೆರಳುಗಳನ್ನು ತನ್ನ ಕಣ್ಣಿನಿಂದಲೇ ಕಂಡು ಜೊತೆಗಾರನಿಗೆ ಸುಳಿವು ಕೊಟ್ಟರೆ ತಪ್ಪಲ್ಲ. ಅದು ಮೈದಾನದೊಳಗಿನ ಚಾಣಾಕ್ಷತನ, ಎದುರಾಳಿಯೂ ಅದಕ್ಕೆ ಸಿದ್ಧನಾಗಿರುತ್ತಾನೆ. ಆಸ್ಟ್ರೋಸ್ ಮಾಡಿದ್ದು ಬೇರೆ. ಮೈದಾನದ ದೂರದ ತುದಿಯಲ್ಲಿದ್ದ ಕ್ಯಾಮೆರಾದ ದೃಶ್ಯವನ್ನು ತಮ್ಮ ಆಟಗಾರರು ಕೂರುವ ಡಗೌಟ್‌ನ ಹಿಂಬದಿಯ ಪರದೆಯೊಂದಕ್ಕೆ ತರಿಸಿ, ಸನ್ನೆಯ ಅರ್ಥ ಬಿಡಿಸಿ, ಕಸದ ಡಬ್ಬಿಯನ್ನು ಬಡಿದರು. ಬಡಿತ ಕೇಳಿದರೆ ತಿರುವಿನ ಅಥವಾ ನಿಧಾನದ ಎಸೆತ, ಕೇಳದಿದ್ದರೆ ವೇಗದ್ದು. ಆ ವರ್ಷ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು 4-3ರಿಂದ ಸೋಲಿಸಿ, ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದರು. ಬಡಿತ ಅಂತಿಮ ಹಂತದ ಪಂದ್ಯಗಳಲ್ಲೂ ನಡೆದಿತ್ತೆಂದು, ಈ ಆಟ ನಡೆಸುವ ಮೇಜರ್ ಲೀಗ್‌ನ ತನಿಖೆಯೇ ಹೇಳಿತು.

ಗುಟ್ಟು ಹೊರಬಂದದ್ದು 2019ರ ನವೆಂಬರ್‌ನಲ್ಲಿ, ಅದೇ ತಂಡದಲ್ಲಿದ್ದ ಪಿಚರ್ ಮೈಕ್ ಫಿಯರ್ಸ್ ‘ದಿ ಅಥ್ಲೆಟಿಕ್’ ಪತ್ರಿಕೆಗೆ ಬಹಿರಂಗವಾಗಿ ಹೇಳಿದಾಗ. ಆಮೇಲೆ ಅಭಿಮಾನಿಗಳು ಹಳೆಯ ಪಂದ್ಯಗಳ ವಿಡಿಯೊ ತೆಗೆದು ಕಿವಿಗೊಟ್ಟು ಕೇಳಿದರು. ಷಿಕಾಗೊ ವೈಟ್ ಸಾಕ್ಸ್‌ನ ಡ್ಯಾನಿ ಫಾರ್ಕರ್ ಎಸೆಯುವಾಗ ಬಡಿತ ಸ್ಪಷ್ಟವಾಗಿ ಕೇಳುತ್ತದೆ. ಆತ ಅನುಮಾನಗೊಂಡು ಕ್ಯಾಚರ್‌ನನ್ನು ಕರೆದು ಸನ್ನೆ ಬದಲಿಸಿದ ಕೂಡಲೇ ಬಡಿತ ನಿಲ್ಲುತ್ತದೆ. ನಿಮಗೆ ನೆನಪಿಸಲೇಬೇಕಾದ ಸಂಗತಿ ಮತ್ತೊಂದಿದೆ. ಎಲ್ಲರಿಗಿಂತ ಶ್ರದ್ಧೆಯಿಂದ ಈ ಲೆಕ್ಕ ಮಾಡಿದವನು ಆಸ್ಟ್ರೋಸ್‌ನ ಅಭಿಮಾನಿಯೇ. 2017ರ ತವರಿನ 58 ಪಂದ್ಯಗಳ 8,274 ಎಸೆತಗಳನ್ನು ಒಂದೊಂದಾಗಿ ಕೇಳಿ, 1,143 ಎಸೆತಗಳಲ್ಲಿ ಬಡಿತ ಗುರುತಿಸಿ, ಆ ಪಟ್ಟಿಯನ್ನು ಎಲ್ಲರ ಮುಂದೆ ಇಟ್ಟ. ತನ್ನ ತಂಡ ಮಾಡಿದ್ದೇನೆಂದು ತಾನೇ ತಿಳಿಯಬೇಕೆಂಬ ಹಂಬಲ ಅದು. ಅಭಿಮಾನಕ್ಕೆ ಇದಕ್ಕಿಂತ ದೊಡ್ಡ ರೂಪ ನನಗೆ ತೋರುವುದಿಲ್ಲ.

ಈಗ ಶಿಕ್ಷೆಯ ಮಾತಿಗೆ ಬರುತ್ತೇನೆ. 2020ರ ಜನವರಿ 13ರಂದು ಲೀಗ್‌ನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ತೀರ್ಪು ಪ್ರಕಟಿಸಿದರು. ತಂಡಕ್ಕೆ 50 ಲಕ್ಷ ಡಾಲರ್ ದಂಡ. ಲೀಗ್‌ನ ನಿಯಮ ಅದಕ್ಕಿಂತ ಹೆಚ್ಚು ವಿಧಿಸಲು ಬಿಡುತ್ತಿರಲಿಲ್ಲ. 2020 ಮತ್ತು 2021ರ ಡ್ರಾಫ್ಟ್‌ನಲ್ಲಿ ಹೊಸ ಪ್ರತಿಭೆಗಳನ್ನು ಆರಿಸಿಕೊಳ್ಳುವ ಮೊದಲೆರಡು ಸರದಿಗಳು ಹೋದವು. ತಂಡ ಕಟ್ಟುವ ಜನರಲ್ ಮ್ಯಾನೇಜರ್ ಜೆಫ್ ಲೂನೊ ಮತ್ತು ಪಂದ್ಯಗಳಲ್ಲಿ ತಂಡ ನಡೆಸುವ ಮ್ಯಾನೇಜರ್ ಎ. ಜೆ. ಹಿಂಚ್ ಇಬ್ಬರಿಗೂ ಒಂದು ವರ್ಷ ಅಮಾನತು. ಮಾಲೀಕ ಜಿಮ್ ಕ್ರೇನ್ ಅದೇ ದಿನ ಇಬ್ಬರನ್ನೂ ತೆಗೆದುಹಾಕಿದರು. ಕೇಳಲು ಭಾರಿ ಶಿಕ್ಷೆಯೇ. ಆದರೆ ಡಬ್ಬಿ ಬಡಿದವರಿಗೆ, ಬಡಿತ ಕೇಳಿ ದಾಂಡು ಬೀಸಿದವರಿಗೆ ಏನಾಯಿತು? ಒಂದು ಪಂದ್ಯದ ನಿಷೇಧವೂ ಇಲ್ಲ, ಒಂದು ಡಾಲರ್ ದಂಡವೂ ಇಲ್ಲ. ಸತ್ಯ ಹೇಳಿದರೆ ಕ್ರಮ ಕೈಗೊಳ್ಳುವುದಿಲ್ಲವೆಂದು ಆಟಗಾರರಿಗೆ ಮೊದಲೇ ಅಭಯ ಕೊಟ್ಟು ಬಾಯಿ ಬಿಡಿಸಲಾಗಿತ್ತು. ವರದಿಯಲ್ಲಿ ಹೆಸರು ಬಂದ ಆಟಗಾರ ಒಬ್ಬರೇ, ಕಾರ್ಲೋಸ್ ಬೆಲ್ಟ್ರಾನ್. ಅವರು ಆಗಲೇ ಆಟದಿಂದ ನಿವೃತ್ತರಾಗಿ ನ್ಯೂಯಾರ್ಕ್ ಮೆಟ್ಸ್ ತಂಡದ ಮ್ಯಾನೇಜರ್ ಆಗಿದ್ದರು. ಒಂದು ಪಂದ್ಯವನ್ನೂ ನಡೆಸದೆ ಆ ಹುದ್ದೆ ಬಿಡಬೇಕಾಯಿತು. ಉಳಿದವರು ಮುಂದಿನ ಋತುವಿನಲ್ಲಿ ಎಂದಿನಂತೆ ಆಡಿದರು.

ಲೀಗ್ ಹೀಗೇಕೆ ಮಾಡಿತು ಎಂಬುದಕ್ಕೆ ಕಾರಣವಿದೆ. 2017ರ ಸೆಪ್ಟೆಂಬರ್‌ನಲ್ಲಿ, ಇನ್ನು ಮುಂದೆ ಇಂಥದ್ದು ನಡೆದರೆ ತಂಡದ ಮೇಲಿನವರೇ ಹೊಣೆ ಎಂದು ಮ್ಯಾನ್‌ಫ್ರೆಡ್ ಎಲ್ಲ ತಂಡಗಳಿಗೂ ಸುತ್ತೋಲೆ ಕಳಿಸಿದ್ದರು. ಹ್ಯೂಸ್ಟನ್‌ನಲ್ಲಿ ಆ ಸೂಚನೆಯನ್ನು ಆಟಗಾರರಿಗೆ ತಲುಪಿಸುವ ಕೆಲಸವೇ ಆಗಲಿಲ್ಲ. ಹಾಗಿರುವಾಗ ಆಟಗಾರರನ್ನು ಶಿಕ್ಷಿಸಿದರೆ ಅವರ ಬಲಿಷ್ಠ ಸಂಘ ಪ್ರಶ್ನಿಸದೆ ಬಿಡುತ್ತಿರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಇದು ಅರ್ಥವಾಗುತ್ತದೆ. ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಿಂಚ್ ಈ ಪದ್ಧತಿಯನ್ನು ಮೆಚ್ಚದೆ ಆ ಪರದೆಯನ್ನು ಎರಡು ಬಾರಿ ಕೆಡಿಸಿದ್ದರೆಂದು ವರದಿಯೇ ಹೇಳುತ್ತದೆ. ಕೆಡಿಸಿದರು, ಆದರೆ ‘ನಿಲ್ಲಿಸಿ’ ಎಂದು ಆಟಗಾರರಿಗೆ ಹೇಳಲಿಲ್ಲ. ಆಟಗಾರರು ಅದನ್ನು ಬದಲಿಸಿ ಮುಂದುವರಿದರು. ತಮ್ಮ ಮ್ಯಾನೇಜರ್ ಏಕೆ ಪರದೆ ಒಡೆದರೆಂದು ಅರ್ಥಮಾಡಿಕೊಳ್ಳಲು ಅವರಿಗೆ ಸುತ್ತೋಲೆ ಬೇಕಿತ್ತೆ? ಅಭಯ ಕೊಟ್ಟದ್ದು ಸರಿಯಾಯಿತೇ ಎಂಬ ಸಂದೇಹವನ್ನು 2023ರಲ್ಲಿ ಸ್ವತಃ ಮ್ಯಾನ್‌ಫ್ರೆಡ್ ಅವರೇ ಆಡಿ ತೋರಿಸಿದರು.

ಶಿಕ್ಷೆಯ ನಂತರದ ವಾರಗಳು ಇನ್ನೂ ಕೆಟ್ಟದಾಗಿದ್ದವು. ಫೆಬ್ರುವರಿಯಲ್ಲಿ ಕ್ಷಮೆ ಕೇಳಲೆಂದು ಕರೆದ ಪತ್ರಿಕಾಗೋಷ್ಠಿಯಲ್ಲಿ, ಇದರಿಂದ ಆಟದ ಮೇಲೆ ಪರಿಣಾಮವಾಗಿಲ್ಲ ಎಂದು ಕ್ರೇನ್ ಹೇಳಿದರು. ಸ್ವಲ್ಪ ಹೊತ್ತಿನಲ್ಲೇ, ಹಾಗೆ ನಾನು ಹೇಳಲೇ ಇಲ್ಲ ಎಂದರು. ಪ್ರಶಸ್ತಿಯನ್ನು ಹಿಂಪಡೆಯಬಾರದೇಕೆ ಎಂಬ ಪ್ರಶ್ನೆಗೆ ಉತ್ತರಿಸುತ್ತ ಮ್ಯಾನ್‌ಫ್ರೆಡ್ ಟ್ರೋಫಿಯನ್ನು ಬರೀ ಲೋಹದ ತುಂಡು ಎಂದು ಕರೆದರು. ಆ ಮಾತಿಗೆ ಕ್ಷಮೆ ಕೇಳಿದರೂ ಅದು ಜನರ ಎದೆಯಿಂದ ಹೋಗಲಿಲ್ಲ. ಬಾಲ್ಯದಿಂದ ಆ ಲೋಹದ ತುಂಡಿಗಾಗಿ ಬೆವರು ಸುರಿಸಿದವರಿಗೆ, ಅದಕ್ಕಾಗಿ ದಶಕಗಳಿಂದ ಕಾದ ಊರಿಗೆ, ಆ ಮಾತು ಎರಡನೆಯ ಪೆಟ್ಟಾಯಿತು. ಅಭಿಮಾನಿಗಳ ಕೂಗು ದೊಡ್ಡದಾದದ್ದು ಬಡಿತ ಕೇಳಿಸಿದ ದಿನವಲ್ಲ, ಈ ವಾರಗಳಲ್ಲಿ.

ಸೋತವರ ಕಡೆಯಿಂದಲೂ ನೋಡಿ. 2017ರ ಆಗಸ್ಟ್ 4ರಂದು ಟೊರಾಂಟೊ ತಂಡದ ಮೈಕ್ ಬೋಲ್ಸಿಂಗರ್ ಹ್ಯೂಸ್ಟನ್‌ನಲ್ಲಿ ಎಸೆಯಲು ಬಂದ. ಒಬ್ಬನನ್ನು ಔಟ್ ಮಾಡುವಷ್ಟರಲ್ಲಿ ನಾಲ್ಕು ರನ್ ಹೋದವು. ನಾನು ಹೇಳಿದ ಆ ಅಭಿಮಾನಿಯ ಪಟ್ಟಿಯಲ್ಲಿ ಅತಿ ಹೆಚ್ಚು ಬಡಿತ ದಾಖಲಾದ ಪಂದ್ಯ ಅದೇ: 54. ಬೋಲ್ಸಿಂಗರ್ ಮತ್ತೆಂದೂ ಮೇಜರ್ ಲೀಗ್‌ನಲ್ಲಿ ಆಡಲಿಲ್ಲ. ಬಡಿತವಿಲ್ಲದಿದ್ದರೆ ಆತನ ವೃತ್ತಿ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಉಳಿಯುತ್ತಿರಲಿಲ್ಲವೆಂದು ಹೇಳುವ ಹಕ್ಕು ಈಗ ಯಾರಿಗೂ ಇಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಎರಡು ಸಲ ಬೇಗನೆ ಹೊರಬಿದ್ದ ಡಾಡ್ಜರ್ಸ್‌ನ ಪಿಚರ್ ಯೂ ಡಾರ್ವಿಷ್‌ನನ್ನು ಲಾಸ್ ಏಂಜಲೀಸ್‌ನ ಜನ ಎರಡು ವರ್ಷ ದೂರಿದರು. ನ್ಯಾಯವಾಗಿ ನೋಡಿದರೆ, ಅವುಗಳಲ್ಲಿ ಒಂದು ಪಂದ್ಯ ನಡೆದದ್ದು ಅವರದೇ ಮೈದಾನದಲ್ಲಿ, ಅಲ್ಲಿ ಆಸ್ಟ್ರೋಸ್‌ನ ಡಬ್ಬಿ ಇರಲಿಲ್ಲ. ಆದರೂ ಗುಟ್ಟು ಬಯಲಾದ ಮೇಲೆ ಎಷ್ಟೋ ಅಭಿಮಾನಿಗಳು ಡಾರ್ವಿಷ್‌ನ ಕ್ಷಮೆ ಕೇಳಿದರು.

2020ರಲ್ಲಿ ಕೋವಿಡ್ ಕಾರಣದಿಂದ ಕ್ರೀಡಾಂಗಣಗಳು ಖಾಲಿ ಇದ್ದವು. ಅಮಾನತಿನ ಆ ವರ್ಷ ಕೇವಲ 60 ಪಂದ್ಯಗಳ ಋತುವಾಯಿತು. ಅದು ಮುಗಿದ ಕೂಡಲೇ ಹಿಂಚ್ ಡೆಟ್ರಾಯಿಟ್‌ನಲ್ಲಿ ಮ್ಯಾನೇಜರ್ ಆದರು. ಆ ಋತುವಿನ ನಡುವೆ, ಜುಲೈನಲ್ಲಿ, ಡಾಡ್ಜರ್ಸ್‌ನ ಪಿಚರ್ ಜೋ ಕೆಲ್ಲಿ ಆಸ್ಟ್ರೋಸ್ ದಾಂಡಿಗನ ಬೆನ್ನ ಹಿಂದೆ ಚೆಂಡು ಎಸೆದು, ಇನ್ನೊಬ್ಬನಿಗೆ ಮುಖ ಸೊಟ್ಟ ಮಾಡಿ ಅಣಕಿಸಿದ. ಲೀಗ್ ಆತನಿಗೆ ಎಂಟು ಪಂದ್ಯಗಳ ಅಮಾನತು ವಿಧಿಸಿತು. ಆಮೇಲೆ ಅದು ಐದಕ್ಕೆ ಇಳಿಯಿತು. ಕೆಲ್ಲಿ ಮಾಡಿದ್ದನ್ನು ನಾನು ಒಪ್ಪುವುದಿಲ್ಲ. ಆ ವೇಗದ ಚೆಂಡು ತಲೆಗೆ ಬಡಿದರೆ ಪ್ರಾಣಕ್ಕೇ ಕುತ್ತು. ಆದರೆ ಮೋಸದಿಂದ ಗೆದ್ದವರಿಗೆ ಸೊನ್ನೆ, ಅದರ ಸಿಟ್ಟಿನಲ್ಲಿ ಚೆಂಡು ಎಸೆದವನಿಗೆ ಎಂಟು ಎಂಬ ಲೆಕ್ಕವನ್ನು ಯಾವ ಅಭಿಮಾನಿ ಸುಮ್ಮನೆ ನುಂಗಿಯಾನು? 2021ರಲ್ಲಿ ಬಾಗಿಲು ತೆರೆದಾಗ ಕೂಡಿಟ್ಟ ಸಿಟ್ಟೆಲ್ಲ ಒಮ್ಮೆಗೇ ಹೊರಬಂತು. ಅನಾಹೈಮ್‌ನಲ್ಲಿ ಗಾಳಿ ತುಂಬಿದ ಕಸದ ಡಬ್ಬಿ ಮೈದಾನಕ್ಕೆ ಬಂದು ಬಿತ್ತು. ಆಗಸ್ಟ್‌ನಲ್ಲಿ ಡಾಡ್ಜರ್ಸ್ ಮೈದಾನಕ್ಕೆ ಆಸ್ಟ್ರೋಸ್ ಬಂದಾಗ 52 ಸಾವಿರಕ್ಕೂ ಹೆಚ್ಚು ಜನ ಸೇರಿ ಪಂದ್ಯವಿಡೀ ಕೂಗಿದರು. ಆ ರಾತ್ರಿ ಗೆದ್ದದ್ದು ಆಸ್ಟ್ರೋಸ್.

ಆಲ್ಟುವೆಯ ವಿಷಯದಲ್ಲಿ ನಿಮ್ಮ ಮಾತಿಗೆ ಬಲವಿದೆ. ಅದೇ ಪಟ್ಟಿಯ ಪ್ರಕಾರ ಆತ ಆಡುವಾಗ ಕೇಳಿದ ಬಡಿತ ಬರೀ 24. ಮಾರ್ವಿನ್ ಗೊನ್ಸಾಲೆಸ್‌ಗೆ 147, ಜಾರ್ಜ್ ಸ್ಪ್ರಿಂಗರ್‌ಗೆ 139. ಬೇರೆ ತಂಡಗಳಿಗೆ ಹೋದವರು ಹೆಚ್ಚಿನ ಪಾಲು ತಪ್ಪಿಸಿಕೊಂಡರು. ಉಳಿದ ಆಲ್ಟುವೆಯ ಮೇಲೆ ಎಲ್ಲರ ಪಾಲಿನ ಕೂಗೂ ಬಿತ್ತು. ಇದು ಅನ್ಯಾಯ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೆ ಆ ಅನ್ಯಾಯದ ಬೇರು ಎಲ್ಲಿದೆ? ಯಾರು ಎಷ್ಟು ಮಾಡಿದರೆಂದು ಲೀಗ್ ಬಿಡಿಸಿ ಹೇಳಿದ್ದರೆ, ಹೆಚ್ಚು ಮಾಡಿದವನಿಗೆ ಹೆಚ್ಚು, ಕಡಿಮೆ ಮಾಡಿದವನಿಗೆ ಕಡಿಮೆ ಎಂದು ತೂಗಿದ್ದರೆ, ಆಲ್ಟುವೆಗೆ ಇಷ್ಟು ಸಿಗುತ್ತಿರಲಿಲ್ಲ. ಎಲ್ಲರಿಗೂ ಒಟ್ಟಾಗಿ ಅಭಯ ಕೊಟ್ಟಾಗ ಅನುಮಾನವೂ ಎಲ್ಲರ ಮೇಲೆ ಒಟ್ಟಾಗಿ ಉಳಿಯಿತು.

‘ಹಳೆಯ ಅಭ್ಯಾಸ’ ಎಂಬ ನಿಮ್ಮ ವಾದ ನನಗೆ ತೀರ ಸಪ್ಪೆ ಎನಿಸಿತು. 1951ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ದೂರದರ್ಶಕದಿಂದ ಸನ್ನೆ ನೋಡಿ, ತಂತಿಯ ಮೂಲಕ ಗಂಟೆ ಬಾರಿಸಿ ತಿಳಿಸುತ್ತಿತ್ತೆಂಬುದು ನಿಜ. ಅದು ಪೂರ್ತಿಯಾಗಿ ಬೆಳಕಿಗೆ ಬಂದದ್ದು 2001ರಲ್ಲಿ. ಆ ವರ್ಷ ಜೈಂಟ್ಸ್‌ನ ಬಾಬಿ ಥಾಮ್ಸನ್ ಪ್ರಸಿದ್ಧ ಹೋಮ್ ರನ್ ಹೊಡೆದ ಚೆಂಡನ್ನು ಎಸೆದಿದ್ದ ಎದುರಾಳಿ ಪಿಚರ್ ರಾಲ್ಫ್ ಬ್ರಾಂಕಾ ಅಷ್ಟರಲ್ಲಿ ಐವತ್ತು ವರ್ಷ ಆ ಸೋಲನ್ನು ಹೊತ್ತು ಬದುಕಿದ್ದರು. ಅಂದು ಯಾರಿಗೂ ಶಿಕ್ಷೆಯಾಗಲಿಲ್ಲ ಎಂಬುದು ಇಂದಿನವರಿಗೆ ರಿಯಾಯಿತಿ ಚೀಟಿಯಲ್ಲ.

ಕಾನೂನಿನ ದಾರಿ ಅಭಿಮಾನಿಗಳಿಗೆ ಇತ್ತೇ ಎಂದೂ ಯೋಚಿಸಿ. ನಿಜವಾದ ಆಟಗಾರರ ಸಾಧನೆಯ ಮೇಲೆ ಹಣ ಕಟ್ಟಿ ಫ್ಯಾಂಟಸಿ ಬೇಸ್‌ಬಾಲ್ ಆಡುತ್ತಿದ್ದವರು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಹೋದರು. 2020ರ ಏಪ್ರಿಲ್‌ನಲ್ಲಿ ಮೊಕದ್ದಮೆ ವಜಾ ಆಯಿತು. ನಮ್ಮ ಕಡೆಯ ಸಂಗತಿಯೂ ಇದಕ್ಕೆ ಹತ್ತಿರವೇ. ಫಿಯರ್ಸ್ ಬಾಯಿಬಿಟ್ಟ ಅದೇ 2019ರ ನವೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಆರೋಪದಲ್ಲಿ ಆಟಗಾರರನ್ನು ಬಂಧಿಸಿದ್ದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸುತ್ತ, ಮ್ಯಾಚ್ ಫಿಕ್ಸಿಂಗ್ ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 420ನೇ ಕಲಂ ಹೇಳುತ್ತಿದ್ದ ವಂಚನೆಯಾಗುವುದಿಲ್ಲ ಎಂದಿತು. ಆಟದ ಪ್ರೇಮಿಗಳಿಗೆ ಮೋಸಹೋದ ಭಾವನೆ ಬರಬಹುದು, ಆದರೆ ಆ ಭಾವನೆಯಿಂದ ಅಪರಾಧ ಹುಟ್ಟುವುದಿಲ್ಲ, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಯ ಕೆಲಸ ಎಂಬುದು ಅದರ ನಿಲುವು. ಅಂದರೆ ಎರಡೂ ಕಡೆ ಟಿಕೆಟ್ ಕೊಂಡವನ ನೋವಿಗೆ ನ್ಯಾಯಾಲಯದಲ್ಲಿ ಜಾಗವಿಲ್ಲ. ಎಲ್ಲ ಹೊಣೆ ಆಟವನ್ನು ನಡೆಸುವ ಸಂಸ್ಥೆಯದು. ಆ ಸಂಸ್ಥೆ ಕೈಚೆಲ್ಲಿದಾಗ ಅಭಿಮಾನಿಗೆ ಉಳಿಯುವುದು ಗಂಟಲೊಂದೇ. ದಾಂಡಿಗ ಕಣಕ್ಕಿಳಿದಾಗ ಕೂಗುವುದಕ್ಕೆ ಆತನಿಗೆ ಪೂರ್ಣ ಹಕ್ಕಿದೆ. ಚೆಂಡು ಎಸೆಯುವುದಕ್ಕೆ, ಡಬ್ಬಿ ಎಸೆಯುವುದಕ್ಕೆ, ಮಗುವನ್ನು ಅಳಿಸುವುದಕ್ಕೆ ಇಲ್ಲ.

ಆಸ್ಟ್ರೋಸ್‌ನ 2022ರ ವರ್ಲ್ಡ್ ಸೀರೀಸ್ ಗೆಲುವನ್ನು ನಮ್ಮ ಲೇಖನ ಹೇಳದೆ ಬಿಟ್ಟಿತೆಂದು ದೂರಿದ್ದೀರಿ. ಅದು ಮೋಸದ ಕುರಿತ ಲೇಖನವಾದ್ದರಿಂದ ಅಲ್ಲಿ ಜಾಗವಿರಲಿಲ್ಲ, ಇಲ್ಲಿ ಇದೆ. ಡಸ್ಟಿ ಬೇಕರ್ ಅವರ ಮುಂದಾಳುತನದಲ್ಲಿ ಆಸ್ಟ್ರೋಸ್ ಫಿಲಡೆಲ್ಫಿಯಾ ತಂಡವನ್ನು 4-2ರಿಂದ ಸೋಲಿಸಿತು. ಆ ತಂಡದಲ್ಲಿ 2017ರವರು ಐವರು ಮಾತ್ರ ಉಳಿದಿದ್ದರು. ಅದೇ ವರ್ಷ ಲೀಗ್ ಪಿಚ್‌ಕಾಮ್ ಎಂಬ ಸಾಧನವನ್ನು ತಂದಿತ್ತು. ಕ್ಯಾಚರ್ ಗುಂಡಿ ಒತ್ತಿದರೆ ಪಿಚರ್‌ನ ಟೋಪಿಯೊಳಗೆ ಧ್ವನಿ ಕೇಳುತ್ತದೆ, ಬೆರಳು ತೋರಿಸುವ ಅಗತ್ಯವೇ ಇಲ್ಲ. ನಿಮ್ಮ ಮಗ ಕಣ್ಣಾರೆ ಕಂಡು ಹೆಮ್ಮೆಪಟ್ಟ ಗೆಲುವು ಅದಾಗಿದ್ದರೆ, ಅದನ್ನು ಹೆಮ್ಮೆಯಿಂದಲೇ ಇಟ್ಟುಕೊಳ್ಳಲಿ. ಆಲ್ಟುವೆಯ ಅಂಗಿಯನ್ನೂ ತೊಡಲಿ. 2017ರ ಬಗ್ಗೆ ಆತ ಕೇಳಿದಾಗ ಮಾತ್ರ ‘ಎಲ್ಲರೂ ಮಾಡುತ್ತಿದ್ದರು’ ಎಂದು ಹೇಳಬೇಡಿ. ಆ 8,274 ಎಸೆತಗಳನ್ನು ಕೂತು ಕೇಳಿದ ನಿಮ್ಮೂರಿನ ತಂಡದ ಅಭಿಮಾನಿಯ ವಿಷಯ ಹೇಳಿ. ಹತ್ತು ವರ್ಷದ ಹುಡುಗನಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ.

— ಸಂಪಾದಕ