ವಾಂತಿ-ಭೇದಿ ಆದಾಗ ನೋವಿನ ಮಾತ್ರೆ ಕಿಡ್ನಿಗೆ ಯಾಕೆ ಅಪಾಯ?

ಆರೋಗ್ಯವಾಗಿದ್ದಾಗ ಐಬುಪ್ರೊಫೆನ್ ನುಂಗಿದರೆ ಏನೂ ಆಗಲಿಲ್ಲ, ವಾಂತಿ-ಭೇದಿ ಆದಾಗ ಮಾತ್ರ ಡಾಕ್ಟರು ಬೇಡ ಅಂದರು, ಯಾಕೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಉತ್ತರ ಇರುವುದು ಕಿಡ್ನಿಯೊಳಗಿನ ರಕ್ತದ ಹರಿವಿನಲ್ಲಿ.

ಎರಡೂ ಕಿಡ್ನಿ ಸೇರಿ ತೂಗುವುದು ಸುಮಾರು 300 ಗ್ರಾಂ. ಆದರೂ ಹೃದಯದಿಂದ ಹೊರಡುವ ರಕ್ತದಲ್ಲಿ ಐದನೇ ಒಂದು ಭಾಗ, ನಿಮಿಷಕ್ಕೆ ಒಂದು ಲೀಟರಿನಷ್ಟು, ಅಲ್ಲಿಗೇ ಹೋಗುತ್ತದೆ. ಸೋಸುವ ಕೆಲಸ ನಡೆಯುವುದು ಗ್ಲೋಮೆರುಲಸ್ ಎಂಬ ತೀರಾ ಸಣ್ಣ ರಕ್ತನಾಳಗಳ ಗಂಟಿನಲ್ಲಿ. ಅದಕ್ಕೆ ರಕ್ತ ತರುವ ನಾಳ ಒಂದು, ಹೊರಗೆ ಒಯ್ಯುವ ನಾಳ ಇನ್ನೊಂದು. ಎರಡೂ ಬೇರೆ ಬೇರೆಯಾಗಿ ಬಿಗಿಯಾಗಬಲ್ಲವು. ಇಡೀ ಕಿಡ್ನಿಯಲ್ಲಿ ನನಗೆ ಅತಿ ಚೆಂದ ಅನ್ನಿಸುವುದು ಇದೇ.

ಈ ಬಿಗಿ-ಸಡಿಲ ಮಾಡಿಸುವುದರಲ್ಲಿ ನಾಳದ ಒಳಪದರ ಎಂಡೋಥೀಲಿಯಂ ಪಾತ್ರ ದೊಡ್ಡದು. ದಪ್ಪ ಒಂದೇ ಜೀವಕೋಶದಷ್ಟು. ಅದು ಸುಮ್ನೆ ಹೊದಿಕೆಯಲ್ಲ. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದಿಂದ ಈ ಪದರವನ್ನು ಉಜ್ಜಿ ತೆಗೆದಾಗ, ನಾಳವನ್ನು ಸಡಿಲಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೂ ನಾಳ ಸಡಿಲವಾಗಲೇ ಇಲ್ಲ. ಸಡಿಲಿಸುತ್ತಿದ್ದದ್ದು ಆ ಪದರದಿಂದ ಬರುವ ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಯಿತು. ನಾಳವನ್ನು ಬಿಗಿ ಮಾಡುವ ಎಂಡೋಥೀಲಿನ್ ಕೂಡ ಇದೇ ಪದರದ್ದು.

ಈಗ ವಾಂತಿ-ಭೇದಿಗೆ ಬರೋಣ. ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿ ರೆನಿನ್ ಎಂಬ ಕಿಣ್ವವನ್ನು ಬಿಡುತ್ತದೆ, ಅದರಿಂದ ಆಂಜಿಯೊಟೆನ್ಸಿನ್ ತಯಾರಾಗುತ್ತದೆ. ಈ ಹಾರ್ಮೋನ್ ಹೊರಹೋಗುವ ನಾಳವನ್ನೇ ಜಾಸ್ತಿ ಹಿಂಡುತ್ತದೆ. ಹಾಗಾಗಿ ರಕ್ತ ಕಡಿಮೆ ಬಂದರೂ ಗಂಟಿನೊಳಗಿನ ಒತ್ತಡ ಉಳಿಯುತ್ತದೆ, ಸೋಸುವುದು ನಿಲ್ಲುವುದಿಲ್ಲ. ಆದರೆ ಅದೇ ಹೊತ್ತಿಗೆ ನರಗಳಿಂದ ಬರುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಒಳಬರುವ ನಾಳವನ್ನೂ ಹಿಂಡುತ್ತಿರುತ್ತದೆ. ಅದು ಮುಚ್ಚಿಕೊಳ್ಳದಂತೆ ತಡೆಯುವುದು ಕಿಡ್ನಿಯೇ ತಯಾರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ.

ಐಬುಪ್ರೊಫೆನ್, ಡೈಕ್ಲೋಫೆನಾಕ್ ನೋವು ಕಡಿಮೆ ಮಾಡುವುದೇ ಪ್ರೊಸ್ಟಗ್ಲಾಂಡಿನ್ ತಯಾರಿಕೆ ತಡೆದು, ಅಲ್ವಾ? ಆ ತಯಾರಿಕೆ ಕಿಡ್ನಿಯಲ್ಲೂ ನಿಲ್ಲುತ್ತದೆ. ನೀವು ಚೆನ್ನಾಗಿದ್ದಾಗ ಹಿಂಡುವ ಒತ್ತಾಯ ಅಷ್ಟಿರಲಿಲ್ಲ, ಅದಕ್ಕೇ ಏನೂ ಆಗಲಿಲ್ಲ. ಈಗ ಒಳಬರುವ ನಾಳ ಕಿರಿದಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರುತ್ತದೆ. ಬೇಗ ಗಮನಿಸಿ ಮಾತ್ರೆ ನಿಲ್ಲಿಸಿ, ನೀರಿನಂಶ ತುಂಬಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಬಿಪಿಗೆ ಎನಲಾಪ್ರಿಲ್ ಅಥವಾ ಲೋಸಾರ್ಟನ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಅವು ಆಂಜಿಯೊಟೆನ್ಸಿನ್ ಕೆಲಸವನ್ನೇ ತಡೆಯುತ್ತವೆ, ಹೊರನಾಳದ ಬಿಗಿಯೂ ಹೋಗುತ್ತದೆ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಅಂಥವರು ವಾಂತಿ-ಭೇದಿ ಶುರುವಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಯಾವ ಮಾತ್ರೆ ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಅಂತ ಕೇಳಿಕೊಳ್ಳಲಿ.