ಚಿತ್ರವೇ ಇಲ್ಲದ ರೆಡ್ ಡ್ರ್ಯಾಗನ್ ಆಟವನ್ನು ಜನ ಅಷ್ಟು ಹಚ್ಚಿಕೊಂಡಿದ್ದು ಯಾಕೆ?

ನೀವು ಕೇಳಿರುವುದು ಇಷ್ಟು: 'ಲೆಜೆಂಡ್ ಆಫ್ ದಿ ರೆಡ್ ಡ್ರ್ಯಾಗನ್' ಆಟದಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಸ್ವಲ್ಪ ಹೊತ್ತು ಆಡುವಷ್ಟರಲ್ಲಿ 'ನಾಳೆ ಬಾ' ಅನ್ನುತ್ತದೆ. ಇಂಥ ಆಟಕ್ಕೆ ಜನ ಯಾಕೆ ಅಷ್ಟು ಮನಸೋತರು? ಈಗಲೂ ಆಡಬಹುದಾ?

ಆಡಬಹುದು. ನಾನು ಈಗಲೂ ಆಡುತ್ತೇನೆ. ಇನ್ನು ಜನ ಮನಸೋತಿದ್ದು ಯಾಕೆ ಅಂದರೆ, ಆ 'ನಾಳೆ ಬಾ' ಅನ್ನುವುದರಿಂದಲೇ. ಅದನ್ನು ತೆಗೆದುಬಿಟ್ಟರೆ ಈ ಆಟದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಈ ಆಟ ನಡೆಯುತ್ತಿದ್ದದ್ದು ಬಿಬಿಎಸ್ ಅಂದರೆ ಬುಲೆಟಿನ್ ಬೋರ್ಡ್ ಸಿಸ್ಟಮ್‌ಗಳಲ್ಲಿ. ಹಾಗಾಗಿ ಮೊದಲು ಅದು ಏನು ಅಂತ ಗೊತ್ತಿರಬೇಕು. 1978ರಲ್ಲಿ ಅಮೆರಿಕದ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್, ರ‍್ಯಾಂಡಿ ಸೂಸ್ ಇಬ್ಬರೂ ಸೇರಿ ಮೊದಲನೆಯದನ್ನು ಶುರುಮಾಡಿದರು. ಒಂದು ಕಂಪ್ಯೂಟರ್, ಅದನ್ನು ಫೋನಿಗೆ ಜೋಡಿಸುವ ಮೋಡೆಮ್ ಅನ್ನುವ ಪೆಟ್ಟಿಗೆ, ಒಂದು ಫೋನ್ ಲೈನ್. ಬೇರೆಯವರು ತಮ್ಮ ಮನೆಯ ಕಂಪ್ಯೂಟರಿನಿಂದ ಆ ನಂಬರಿಗೆ ಡಯಲ್ ಮಾಡಿ, ಸಂದೇಶ ಓದಿ, ಬರೆದು, ಫೈಲ್ ಇಳಿಸಿಕೊಂಡು ಹೋಗುತ್ತಿದ್ದರು. ಇದನ್ನು ನಡೆಸುವವರಿಗೆ ಸಿಸಾಪ್ ಅಂತ ಹೆಸರು. ಹೆಚ್ಚಿನ ಕಡೆ ಇದ್ದದ್ದು ಒಂದೇ ಲೈನ್. ಒಬ್ಬರು ಒಳಗಿದ್ದರೆ ಉಳಿದವರಿಗೆಲ್ಲ ಎಂಗೇಜ್ ಟೋನ್. ಅದಕ್ಕೇ ಸಿಸಾಪ್ ಪ್ರತಿಯೊಬ್ಬರಿಗೂ ದಿನಕ್ಕೆ ಇಷ್ಟೇ ನಿಮಿಷ ಅಂತ ಕಟ್ಟುಮಾಡುತ್ತಿದ್ದರು.

ಬಿಬಿಎಸ್‌ನಲ್ಲಿ ಆಡುವ ಆಟಗಳನ್ನು ಡೋರ್ ಗೇಮ್ ಅನ್ನುತ್ತಿದ್ದರು. ನೀವು ಮೆನುವಿನಲ್ಲಿ ಆಟ ಆರಿಸಿದರೆ ಬಿಬಿಎಸ್ ಒಂದು ಸಣ್ಣ ಫೈಲಿನಲ್ಲಿ ನಿಮ್ಮ ಹೆಸರು, ಉಳಿದಿರುವ ಸಮಯ, ಮೋಡೆಮ್ ವೇಗ ಎಲ್ಲ ಬರೆದಿಟ್ಟು ಪಕ್ಕಕ್ಕೆ ಸರಿಯುತ್ತದೆ. ಆಟ ಅದನ್ನು ಓದಿಕೊಂಡು ನಿಮ್ಮನ್ನು ಒಳಗೆ ಕರೆದುಕೊಳ್ಳುತ್ತದೆ. ಸೆಕೆಂಡಿಗೆ 2400 ಬಿಟ್ ವೇಗದ ಮೋಡೆಮ್‌ನಲ್ಲಿ ಸೆಕೆಂಡಿಗೆ ಸುಮಾರು 240 ಅಕ್ಷರ ಬರುತ್ತಿದ್ದವು. 80 ಅಕ್ಷರದ 25 ಸಾಲು ಪೂರ್ತಿ ತುಂಬಲು ಎಂಟು ಸೆಕೆಂಡಿನ ಮೇಲೆ ಬೇಕು. ಹಾಗಾಗಿ ಒಂದೊಂದು ಸಾಲೂ ಮುಖ್ಯವಾಗುತ್ತಿತ್ತು. ಸುಮ್ನೆ ಬರೆದು ತುಂಬಿಸುವ ಹಾಗಿರಲಿಲ್ಲ.

ಸೆತ್ ಏಬಲ್ ರಾಬಿನ್ಸನ್ 1989ರಲ್ಲಿ ಈ ಆಟವನ್ನು ಬರೆದಾಗ ಇನ್ನೂ ಹುಡುಗ. ಮೊದಲು ತನ್ನ ಬಿಬಿಎಸ್‌ಗಾಗಿ ಅಮಿಗಾ ಕಂಪ್ಯೂಟರಿನಲ್ಲಿ ಮಾಡಿದ್ದು, ಆಮೇಲೆ ಟರ್ಬೋ ಪ್ಯಾಸ್ಕಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಿಸಿಗೆ ತಂದದ್ದು. ಮುಂದೆ 'ಗ್ರೋಟೋಪಿಯಾ' ಅನ್ನುವ ಆನ್‌ಲೈನ್ ಆಟ ಮಾಡಿದ ಇಬ್ಬರಲ್ಲಿ ಒಬ್ಬರು ಇವರೇ.

ಕಥೆ ಸರಳ. ಕೆಂಪು ಡ್ರ್ಯಾಗನ್ ಊರಿನ ಮಕ್ಕಳನ್ನು ಹೊತ್ತೊಯ್ಯುತ್ತಿದೆ, ಅದನ್ನು ಕೊಲ್ಲಬೇಕು. ಶುರುವಿನಲ್ಲಿ ನಿಮ್ಮ ಕೈಯಲ್ಲಿ ಒಂದು ಕೋಲು, ಮೈಮೇಲೆ ಒಂದು ಕೋಟು, 20 ಪಾಯಿಂಟ್ ಜೀವ. ಕಾಡಿಗೆ ಹೋಗಿ ಎಲ್ ಕೀ ಒತ್ತಿದರೆ ಏನೋ ಒಂದು ಎದುರಾಗುತ್ತದೆ. ಹೊಡೆಯಲು ಎ, ಓಡಲು ಆರ್. ಪ್ರತಿ ಏಟಿಗೂ ಎರಡು ಸಂಖ್ಯೆ ಇಳಿಯುತ್ತವೆ, ನಿಮ್ಮದೊಂದು, ಅದರದ್ದೊಂದು. ಗೆದ್ದರೆ ಚಿನ್ನ, ಅನುಭವದ ಅಂಕ. ಸತ್ತರೆ ಕೈಲಿದ್ದ ಚಿನ್ನ ಹೋಯಿತು, ಆ ದಿನವೂ ಮುಗಿಯಿತು.

ದಿನಕ್ಕೆ ಇಷ್ಟೇ ಕಾಡಿನ ಕಾಳಗ ಅಂತ ಲೆಕ್ಕ ಇರುತ್ತದೆ. ಈಗ ಜೀವ 20ರಲ್ಲಿ ಏಳಕ್ಕೆ ಇಳಿದಿದೆ, ಇನ್ನು ಎರಡು ಕಾಳಗ ಬಾಕಿ ಇವೆ ಅಂದುಕೊಳ್ಳಿ. ವೈದ್ಯರ ಗುಡಿಸಲಿಗೆ ಹೋದರೆ ಕೂಡಿಟ್ಟ ಚಿನ್ನ ಖರ್ಚು, ಸಾವಿರ ಚಿನ್ನದ ಬಾಕು ಕೊಳ್ಳುವುದು ಮತ್ತೊಂದು ದಿನ ಮುಂದಕ್ಕೆ. ಹೋಗದಿದ್ದರೆ ಜೀವಕ್ಕೇ ಸಂಚಕಾರ. ಎಷ್ಟು ಬೇಕಾದರೂ ಆಡಬಹುದಾದ ಆಟದಲ್ಲಿ ಇಂಥ ಯೋಚನೆಗೆ ಬೆಲೆಯೇ ಇರುವುದಿಲ್ಲ. ಇಲ್ಲಿ ಒಂದು ತಪ್ಪು ಹೆಜ್ಜೆಗೆ ನಾಳೆತನಕ ಕಾಯಬೇಕು.

ಒಟ್ಟು 12 ಹಂತ. ಒಂದೊಂದು ಹಂತ ದಾಟಲೂ ಒಬ್ಬ ಗುರುವನ್ನು ಸೋಲಿಸಬೇಕು. ಮೊದಲನೆಯವನು ಹಾಲ್ಡರ್, ಅವನಿಗೆ ಸವಾಲು ಹಾಕಲು 100 ಅನುಭವದ ಅಂಕ ಸಾಕು. ಕೊನೆಯವನು ಟರ್ಗಾನ್, ಅಲ್ಲಿಗೆ ಒಂದು ಕೋಟಿ ಅಂಕ ಬೇಕು.

ಆಟದ ನಿಜವಾದ ಜೀವ ಇರುವುದು ನೀವು ಫೋನ್ ಇಟ್ಟಮೇಲೆ. ಲೈನ್ ಕಡಿದಾಗ ನಿಮ್ಮ ಯೋಧ ಬಯಲಲ್ಲಿ ಮಲಗುತ್ತಾನೆ. ನಿಮ್ಮ ನಂತರ ಡಯಲ್ ಮಾಡಿದವರು ಅವನ ಮೇಲೆ ಬೀಳಬಹುದು. ಛತ್ರದಲ್ಲಿ ಕೋಣೆ ಹಿಡಿದರೆ ಸ್ವಲ್ಪ ನೆಮ್ಮದಿ, ಆದರೆ ಅಲ್ಲಿಯೂ ಬಾರ್‌ನವನಿಗೆ ಲಂಚ ಕೊಟ್ಟು ನಿಮ್ಮ ಕೋಣೆಯ ಬೀಗದ ಕೈ ಪಡೆಯಬಹುದು! ಬೆಳಿಗ್ಗೆ ದಿನದ ಸುದ್ದಿ ತೆರೆದರೆ ಯಾರು ಯಾರನ್ನು ಕೊಂದರು ಅನ್ನುವುದೆಲ್ಲ ಅಲ್ಲಿರುತ್ತದೆ.

ಅಮೆರಿಕದಲ್ಲಿ ಹೆಚ್ಚಿನ ಮನೆಗಳಲ್ಲಿ ಲೋಕಲ್ ಕಾಲ್ ತಿಂಗಳ ಬಾಡಿಗೆಯಲ್ಲೇ ಸೇರಿರುತ್ತಿತ್ತು. ದೂರದ ಕಾಲ್ ದುಬಾರಿ. ಹಾಗಾಗಿ ಒಂದು ಬಿಬಿಎಸ್‌ಗೆ ಬರುವವರು ಹೆಚ್ಚಾಗಿ ಅದೇ ಊರಿನವರು, ಅಕ್ಕಪಕ್ಕದವರು. ರಾತ್ರಿ ನಿಮ್ಮನ್ನು ಕೊಂದವನು ನಿಮ್ಮ ಕ್ಲಾಸಿನವನೇ ಇರಬಹುದು ಅಲ್ವಾ? ಒಂದೇ ಹೊತ್ತಿಗೆ ಇಬ್ಬರು ಒಳಗಿರಲು ಆಗದ ಯಂತ್ರದಲ್ಲಿ ಇಡೀ ಊರು ಒಟ್ಟಿಗೆ ಆಡುವ ಆಟ ಕಟ್ಟಿದ್ದು ನನಗೆ ಇವತ್ತಿಗೂ ದೊಡ್ಡ ಕೆಲಸ ಅನ್ನಿಸುತ್ತದೆ. ಛತ್ರದಲ್ಲಿ ವಯೊಲೆಟ್ ಅನ್ನುವ ಹುಡುಗಿಯ ಜೊತೆ ಸರಸ, ಆಟಗಾರರ ನಡುವೆ ಮದುವೆ, ಒಳಗೇ ಪತ್ರ ಬರೆಯುವ ವ್ಯವಸ್ಥೆ, ಇವೆಲ್ಲ ಇವೆ. ಛತ್ರದ ಹಾಡುಗಾರನಿಗೆ ರಾಬಿನ್ಸನ್ ತನ್ನ ಹೆಸರನ್ನೇ ಇಟ್ಟಿದ್ದಾರೆ. ಅವನ ಹಾಡು ದಿನಕ್ಕೊಮ್ಮೆ ಕೇಳಲೇಬೇಕು, ಕೆಲವೊಮ್ಮೆ ಅದರಿಂದ ಹೆಚ್ಚಿನ ಕಾಳಗ ಸಿಗುತ್ತದೆ.

ನಮ್ಮಲ್ಲೂ ಬಿಬಿಎಸ್ ಇದ್ದವು. ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ ನಡೆಸುತ್ತಿದ್ದ ಸಿಐಎಕ್ಸ್ ದೇಶದ ಮೊದಮೊದಲ ಬಿಬಿಎಸ್‌ಗಳಲ್ಲಿ ಒಂದು. ಆದರೆ ಇಲ್ಲಿ ಫೋನ್ ಕನೆಕ್ಷನ್ ಸಿಗಲು ವರ್ಷಗಟ್ಟಲೆ ಕಾಯಬೇಕಿತ್ತು, ಲೋಕಲ್ ಕಾಲ್‌ಗೂ ಮೀಟರ್ ಓಡುತ್ತಿತ್ತು. 1995ರ ಆಗಸ್ಟ್ 15ಕ್ಕೆ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಡಲು ಶುರುಮಾಡಿತು. ಅಮೆರಿಕದ ಹಾಗೆ ಮನೆಮನೆಯ ಹುಡುಗರು ಡೋರ್ ಗೇಮ್‌ಗೆ ಬೀಳುವಷ್ಟು ಸಮಯ ನಮಗೆ ಸಿಗಲೇ ಇಲ್ಲ.

ಈಗ ಆಡಲು ಮೋಡೆಮ್ ಬೇಡ. ಸಿಂಕ್‌ಟರ್ಮ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಟೆಲ್‌ನೆಟ್ (ಇಂಟರ್ನೆಟ್‌ನಲ್ಲಿ ದೂರದ ಕಂಪ್ಯೂಟರಿನ ಒಳಹೋಗುವ ಹಳೆಯ ದಾರಿ) ಮೂಲಕ ಇವತ್ತಿಗೂ ನಡೆಯುತ್ತಿರುವ ಬಿಬಿಎಸ್‌ಗಳು ಜಗತ್ತಿನಲ್ಲಿ ಸಾಕಷ್ಟಿವೆ, ಅವುಗಳಲ್ಲಿ ಈ ಆಟ ಸಿಗುತ್ತದೆ. ಒಂದು ಎಚ್ಚರಿಕೆ: ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹಾಗೇ ಹೋಗುತ್ತದೆ, ಬ್ಯಾಂಕು, ಇಮೇಲ್‌ಗಳಿಗೆ ಇಟ್ಟ ಪಾಸ್‌ವರ್ಡನ್ನು ಅಲ್ಲಿ ಹಾಕಲೇಬೇಡಿ.

ಆಟ ಬಿಡುವ ಮೊದಲು ಕೈಲಿರುವ ಚಿನ್ನವನ್ನು ಊರಿನ ಬ್ಯಾಂಕಿನಲ್ಲಿ ಹಾಕಿ, ಆಗ ನಿಮ್ಮನ್ನು ಯಾರು ಕೊಂದರೂ ಅದು ಹೋಗುವುದಿಲ್ಲ. ಗುರುವಿಗೆ ಸವಾಲು ಹಾಕುವ ಮೊದಲು ಜೀವ ಪೂರ್ತಿ ತುಂಬಿಸಿಕೊಳ್ಳಿ. ಸೋತರೆ ಸಾಯುವುದಿಲ್ಲ, ಆದರೆ ಮತ್ತೆ ಸವಾಲು ನಾಳೆಯೇ. ಬಿಬಿಎಸ್ ಆರಿಸುವಾಗಲೂ ಒಂದು ನೋಡಿ: ಸೇರಿದ ಕೂಡಲೇ ದಿನದ ಸುದ್ದಿ, ಆಟಗಾರರ ಪಟ್ಟಿ ತೆರೆಯಿರಿ. ನಿನ್ನೆ ಮೊನ್ನೆ ಯಾರೂ ಆಡಿರದಿದ್ದರೆ ಬೇರೆ ಕಡೆ ಹುಡುಕಿ. ಒಬ್ಬರೇ ಆಡಿದರೆ ಇದು ಬರೀ ಸಂಖ್ಯೆ ಏರಿಸುವ ಆಟ. ನಾಲ್ಕೈದು ಜನ ದಿನಾ ಬರುವ ಕಡೆ ಸೇರಿಕೊಂಡರೆ, ನಿಮ್ಮ ಪ್ರಶ್ನೆಗೆ ಉತ್ತರ ಒಂದು ವಾರದಲ್ಲಿ ತಾನಾಗಿಯೇ ಗೊತ್ತಾಗುತ್ತದೆ.