ಎರಡೂ ರ‍್ಯಾಮ್ ಮೇಲೆ 3200 ಎಂದೇ ಇದೆ, ಆದರೂ ಡೆಸ್ಕ್‌ಟಾಪ್ ಏಕೆ ಕೈಕೊಡುತ್ತಿದೆ?

ನೀವು ಬರೆದಿರುವಂತೆ, ರೈಜನ್ 5 3600 ಪ್ರೊಸೆಸರ್ ಮತ್ತು ಬಿ450 ಬೋರ್ಡ್ ಇರುವ ಡೆಸ್ಕ್‌ಟಾಪ್‌ನಲ್ಲಿ ಮೊದಲಿನಿಂದ ಇದ್ದ, ಹೀಟ್‌ಸಿಂಕ್ ಹೊದಿಸಿದ 8 ಜಿಬಿ ಗೇಮಿಂಗ್ ರ‍್ಯಾಮ್ ಜೊತೆಗೆ ಬೇರೆ ಕಂಪನಿಯ ಹಸಿರು ಬಣ್ಣದ 8 ಜಿಬಿ ಸ್ಟಿಕ್ ಹಾಕಿಸಿದ್ದೀರಿ. ಎರಡರ ಮೇಲೂ ಡಿಡಿಆರ್4-3200 ಎಂದೇ ಮುದ್ರಿಸಿದೆ. ಆದರೂ ಕೆಲವು ದಿನ ಫ್ಯಾನ್ ಮಾತ್ರ ತಿರುಗಿ ಡಿಸ್ಪ್ಲೇ ಬರುವುದಿಲ್ಲ, ಬಂದ ದಿನ ಅರ್ಧ ಕೆಲಸದಲ್ಲಿ ನೀಲಿ ಪರದೆ ಬರುತ್ತದೆ. ಹೊಸ ರ‍್ಯಾಮ್ ಚೆನ್ನಾಗಿಯೇ ಇದೆ ಎಂದು ಅಂಗಡಿಯವರು ಹೇಳುತ್ತಾರೆ. ಅವರ ಮಾತು ನಿಜವೇ ಇರಬಹುದು ಎಂಬುದು ನನ್ನ ಅನಿಸಿಕೆ.

ಮುದ್ರಿಸಿರುವ ಸಂಖ್ಯೆ ಒಂದೇ ಆದರೂ ಆ ವೇಗವನ್ನು ಎರಡು ಸ್ಟಿಕ್‌ಗಳು ಮುಟ್ಟುವ ದಾರಿ ಬೇರೆ ಬೇರೆ. ಹಸಿರು ಸ್ಟಿಕ್ ಸಾಮಾನ್ಯವಾಗಿ ಜೆಡೆಕ್ (ಮೆಮೊರಿಯ ಮಾನದಂಡ ನಿಗದಿಪಡಿಸುವ ಸಂಸ್ಥೆ) ಮಾನದಂಡದ್ದು, 1.2 ವೋಲ್ಟ್‌ನಲ್ಲಿ, ಸಿಎಲ್22 ಟೈಮಿಂಗ್‌ನಲ್ಲಿ 3200ಕ್ಕೆ ಓಡುತ್ತದೆ (ಕೇಳಿದ ಮಾಹಿತಿ ಕೊಡಲು ಆರಂಭಿಸುವ ಮೊದಲು ಸ್ಟಿಕ್ ಎಷ್ಟು ಕ್ಲಾಕ್, ಅಂದರೆ ಮಿಡಿತ, ಕಾಯುತ್ತದೆ ಎಂಬುದೇ ಸಿಎಲ್). ಗೇಮಿಂಗ್ ಸ್ಟಿಕ್‌ನ ಮೂಲ ವೇಗ ಬಹುಮಟ್ಟಿಗೆ 2133 ಅಥವಾ 2400 ಮಾತ್ರ. 3200 ಎಂಬುದು ಅದರ ಎಕ್ಸ್‌ಎಂಪಿ ಪ್ರೊಫೈಲ್‌ನಲ್ಲಿರುವ (ತಯಾರಕರು ಸ್ಟಿಕ್‌ನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ವೇಗ, ಅದಕ್ಕೆ 1.35 ವೋಲ್ಟ್ ಬೇಕು, ಟೈಮಿಂಗ್ ಹೆಚ್ಚಾಗಿ ಸಿಎಲ್16. ಈ ವೇಗದಲ್ಲಿ ಒಂದು ಕ್ಲಾಕ್ ಎಂದರೆ 0.625 ನ್ಯಾನೊಸೆಕೆಂಡ್, ಆದ್ದರಿಂದ ಸಿಎಲ್16 ಸ್ಟಿಕ್ ಕೇಳಿದ ಮಾಹಿತಿಯನ್ನು 10 ನ್ಯಾನೊಸೆಕೆಂಡ್‌ನಲ್ಲಿ ಕೊಡಲು ಆರಂಭಿಸಿದರೆ, ಸಿಎಲ್22 ಸ್ಟಿಕ್ 13.75 ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತದೆ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡ್‌ನ ಸೆಟ್ಟಿಂಗ್‌ನಲ್ಲಿ, ಎಕ್ಸ್‌ಎಂಪಿ (ಕೆಲವು ಬೋರ್ಡ್‌ಗಳಲ್ಲಿ ಇದರ ಹೆಸರು ಡಿಒಸಿಪಿ) ಆನ್ ಇದ್ದರೆ ಬೋರ್ಡ್ ಹಳೆಯ ಸ್ಟಿಕ್‌ನ ಬಿಗಿಯಾದ ಟೈಮಿಂಗ್ ಅನ್ನು ಹೊಸದರ ಮೇಲೂ ಹೇರುತ್ತದೆ. ಹೊಸದು ಅದನ್ನು ಅಂಚಿನಲ್ಲಿ ನಿಭಾಯಿಸಿದ ದಿನ ವಿಂಡೋಸ್ ತೆರೆಯುತ್ತದೆ, ನಿಭಾಯಿಸಲಾಗದ ದಿನ ಡಿಸ್ಪ್ಲೇ ಬರುವುದಿಲ್ಲ. ನಿಮ್ಮ ಲಕ್ಷಣಗಳು ಇದಕ್ಕೆ ಸರಿಯಾಗಿ ಹೊಂದುತ್ತವೆ.

ಆದರೂ ಊಹೆಯ ಮೇಲೆ ಹೋಗದೆ ಮೊದಲು ಪರೀಕ್ಷಿಸಿ. ಪವರ್ ಕೇಬಲ್ ತೆಗೆದು ಎರಡೂ ಸ್ಟಿಕ್ ಹೊರತೆಗೆಯಿರಿ. ಬೋರ್ಡ್‌ನ ಗುಂಡು ಸೆಲ್ ಅನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಬಯೋಸ್ ಮೂಲ ಸ್ಥಿತಿಗೆ ಮರಳುತ್ತದೆ, ಎಕ್ಸ್‌ಎಂಪಿ ಆಫ್ ಆಗುತ್ತದೆ. ಆಮೇಲೆ ಒಂದೇ ಸ್ಟಿಕ್ ಅನ್ನು ಎ2 ಸ್ಲಾಟ್‌ಗೆ, ಅಂದರೆ ನಾಲ್ಕು ಸ್ಲಾಟ್‌ಗಳ ಬೋರ್ಡ್‌ನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದಕ್ಕೆ ಹಾಕಿ. ಅನೇಕ ಬೋರ್ಡ್‌ಗಳಲ್ಲಿ ಒಂದು ತುದಿಗೆ ಮಾತ್ರ ಲಾಕ್ ಇರುವುದರಿಂದ, ಲಾಕ್ ಇಲ್ಲದ ತುದಿ ಪೂರ್ತಿ ಕೂರದಿದ್ದರೂ ಕೂತಂತೆಯೇ ಕಾಣುತ್ತದೆ. ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಸಮನಾಗಿ ಒತ್ತಿ, ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳ ಗೆರೆ ಒಂದೇ ಮಟ್ಟದಲ್ಲಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಕಂಪ್ಯೂಟರ್ ತಾನಾಗಿಯೇ ಒಂದೆರಡು ಬಾರಿ ಆಫ್ ಆಗಿ ಆನ್ ಆದರೆ ಗಾಬರಿ ಬೇಡ, ಬೋರ್ಡ್ ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ.

ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಓಡಿಸಿ ಪ್ರತಿ ಸ್ಟಿಕ್ ಅನ್ನೂ ಅದೇ ಸ್ಲಾಟ್‌ನಲ್ಲಿ ಪರೀಕ್ಷಿಸಿ. ಇದು ಉಚಿತ ತಂತ್ರಾಂಶ. ವಿಂಡೋಸ್‌ನೊಳಗಿನ ಮೆಮೊರಿ ಪರೀಕ್ಷೆಗಿಂತ ನಾನು ಇದನ್ನೇ ನಂಬುತ್ತೇನೆ. ಒಂದೇ ಒಂದು ದೋಷ ತೋರಿಸಿದರೂ ಅದನ್ನು ಕಡೆಗಣಿಸಬಾರದು. ಎರಡೂ ಒಂಟಿಯಾಗಿ ಪಾಸಾದ ಮೇಲೆ ಎ2 ಮತ್ತು ಬಿ2, ಅಂದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಜೊತೆಯಾಗಿ ಹಾಕಿ, ಎಕ್ಸ್‌ಎಂಪಿ ಆಫ್ ಇರುವಾಗಲೇ ಮತ್ತೊಮ್ಮೆ ಓಡಿಸಿ. ಅಲ್ಲಿಯೂ ಪಾಸಾದರೆ ಯಾವ ಸ್ಟಿಕ್ ಕೂಡ ಕೆಟ್ಟಿಲ್ಲ, ತಕರಾರು ಇರುವುದು ಸೆಟ್ಟಿಂಗ್‌ನಲ್ಲಿ.

ಎಕ್ಸ್‌ಎಂಪಿ ಆಫ್ ಇಟ್ಟುಕೊಂಡೇ ಬಳಸಬಹುದು, ಆದರೆ ಆಗ ಎರಡೂ 2133 ಅಥವಾ 2400ಕ್ಕೆ ಇಳಿಯುತ್ತವೆ. ರೈಜನ್‌ನಲ್ಲಿ ಪ್ರೊಸೆಸರ್‌ನ ಒಳಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಕೂಡ ಸಾಮಾನ್ಯವಾಗಿ ಮೆಮೊರಿಯ ಕ್ಲಾಕ್‌ಗೆ ತಕ್ಕಂತೆ ಓಡುವುದರಿಂದ, ಈ ನಷ್ಟ ಆಟಗಳಲ್ಲಿ ಕಣ್ಣಿಗೆ ಕಾಣುವಷ್ಟಿರುತ್ತದೆ. ಇಂತಹ ಜೋಡಿಗೆ ಅನೇಕರು ವೇಗ ಇಳಿಸಲು ಸಲಹೆ ಕೊಡುತ್ತಾರೆ. ನಾನು ಹೇಳುವುದು ವೇಗವನ್ನು ಹಾಗೆಯೇ ಬಿಟ್ಟು ಟೈಮಿಂಗ್ ಸಡಿಲಿಸಿ ಎಂದು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಬದಲು ಮ್ಯಾನುಯಲ್ ಆರಿಸಿ, ವೇಗ 3200, ಟೈಮಿಂಗ್ 22-22-22-52, ವೋಲ್ಟೇಜ್ 1.35 ಎಂದು ಕೊಟ್ಟು, ಉಳಿದದ್ದನ್ನೆಲ್ಲ ಆಟೊದಲ್ಲಿ ಬಿಡಿ. ಸಿಎಲ್16ರಲ್ಲಿ ಓಡುವ ಹಳೆಯ ಸ್ಟಿಕ್‌ಗೆ ಇದು ಸುಲಭ, ಹೊಸದಕ್ಕೆ ಇದು ಅದರದೇ ಟೈಮಿಂಗ್. ಇದರಲ್ಲಿಯೂ ದೋಷ ಬಂದರೆ ಮಾತ್ರ 2933ಕ್ಕೆ ಇಳಿಸಿ. ಕಂಪ್ಯೂಟರ್‌ನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ 1600 ಎಂದು ಕಂಡರೆ ಅರ್ಧ ವೇಗ ಎಂದುಕೊಳ್ಳಬೇಡಿ. ಡಿಡಿಆರ್ ಒಂದು ಕ್ಲಾಕ್‌ನಲ್ಲಿ ಎರಡು ಸಲ ಮಾಹಿತಿ ಸಾಗಿಸುವುದರಿಂದ ಅದೇ 3200.

ಹೊಸ ಸ್ಟಿಕ್‌ನ ಲೇಬಲ್ ಮೇಲೆ 1ಆರ್‌ಎಕ್ಸ್16 ಎಂದಿದ್ದು ನಾಲ್ಕೇ ಚಿಪ್‌ಗಳು ಕಂಡರೆ, ಅದು ಎಂಟು ಚಿಪ್‌ಗಳ 1ಆರ್‌ಎಕ್ಸ್8 ಸ್ಟಿಕ್‌ಗಿಂತ ಸ್ವಲ್ಪ ನಿಧಾನ. ಕೆಲಸವೇನೋ ಮಾಡುತ್ತದೆ, ಆದರೆ ಬದಲಿಸಿಕೊಳ್ಳುವ ಅವಕಾಶವಿದ್ದರೆ 1ಆರ್‌ಎಕ್ಸ್8 ಕೇಳಿ ಪಡೆಯಿರಿ.

ಹೊಸ ಸ್ಟಿಕ್ ಒಂಟಿಯಾಗಿ, ಎಕ್ಸ್‌ಎಂಪಿ ಇಲ್ಲದೆಯೇ ಮೆಮ್‌ಟೆಸ್ಟ್‌ನಲ್ಲಿ ದೋಷ ತೋರಿಸಿ, ಹಳೆಯದು ಅದೇ ಸ್ಲಾಟ್‌ನಲ್ಲಿ ಪಾಸಾದರೆ ಮಾತ್ರ ಅದು ನಿಜವಾಗಿ ಕೆಟ್ಟಿದೆ ಎನ್ನಬಹುದು. ಆಗ ಪರದೆಯ ಫೋಟೊ ತೆಗೆದು ಬಿಲ್ ಜೊತೆಗೆ ಅಂಗಡಿಗೆ ಒಯ್ಯಿರಿ. ಅಲ್ಲಿನ ಕಂಪ್ಯೂಟರ್‌ಗೆ ಹಾಕಿ ವಿಂಡೋಸ್ ತೆರೆದು ತೋರಿಸಿದರೆ ಸಾಲದು, ಅದೇ ಪರೀಕ್ಷೆಯನ್ನು ಅವರ ಎದುರಿಗೇ ಓಡಿಸಲು ಹೇಳಿ.